ಅರ್ಧ ಗುಳಿಗೆ

ಅಕ್ಕ ತನ್ನ ಒಂದು ಕಿಡ್ನಿಯನ್ನು ಭಾವನಿಗೆ ಕೊಟ್ಟ ಮೇಲೆ, ಪ್ರತಾಪ ನಗರದ ಅವರ ಮನೆಯಲ್ಲಿ ಎಂಟು ಗಂಟೆ ಎಂದರೆ ಸಾಹೇಬರು ಬಂದ ಹಾಗೆ. ಎಲ್ಲರೂ ಎದ್ದು ನಿಲ್ಲುವುದೊಂದು ಬಾಕಿ. ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಗುಳಿಗೆ. ಹೊರಗಿನಿಂದ ಬಂದ ಕಿಡ್ನಿಯ ಮೇಲೆ ದೇಹ ಎರಗದಂತೆ ತಡೆಯುವ ಗುಳಿಗೆ ಅದು. ಒಂದು ಹೊತ್ತೂ ತಪ್ಪಕೂಡದೆಂದು ಡಾಕ್ಟರು ಹೇಳಿದ್ದರು. ಮೌದಾದ ವಿದ್ಯುತ್ ಸ್ಥಾವರದಲ್ಲಿ ವರ್ಷಗಟ್ಟಲೆ ಪಾಳಿ ಮಾಡಿದ ಭಾವನಿಗೆ ಇದು ಕಷ್ಟವೆನಿಸಲಿಲ್ಲ. ಒಮ್ಮೆ ಇತವಾರಿ ಪೇಟೆಯಲ್ಲಿ ಕೈಗಾಡಿಗಳ ನಡುವೆ ಸ್ಕೂಟರ್ ಸಿಕ್ಕಿಕೊಂಡಾಗ ಅವರು ನೀರಿಲ್ಲದೆ ಗುಳಿಗೆ ನುಂಗಿ ಮುಖ ಕಿವುಚಿದ್ದನ್ನು ನಾನು ಹಿಂದಿನ ಸೀಟಿನಿಂದ ನೋಡಿದ್ದೇನೆ. ಹಿಂದೆ ಕೂತವನಿಗೆ ಮುಖ ಕಾಣುವುದು ಹೇಗೆ? ಅವರು ಹೇಳಿದ್ದನ್ನೇ ನೋಡಿದೆನೆಂದು ನಂಬಿಕೊಂಡಿರಬೇಕು.

ಕೆಲವು ವರ್ಷಗಳ ನಂತರ ಭಾವನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ತುಣುಕು ತೆಗೆದು ಪರೀಕ್ಷಿಸಿದರು. ಲಿಂಫೋಮಾ, ದುಗ್ಧಗ್ರಂಥಿಗಳ ಕ್ಯಾನ್ಸರ್. ಕಿಡ್ನಿ ಕಸಿಯಾದ ಕೆಲವರಲ್ಲಿ ಇದು ಬರುತ್ತದೆ, ಕಿಡ್ನಿಯನ್ನು ಕಾಯುವ ಗುಳಿಗೆಯೇ ದೇಹದ ಕಾವಲನ್ನು ಮಲಗಿಸಿಬಿಡುತ್ತದೆ ಎಂದರು ಡಾಕ್ಟರು. ಮೊದಲು ಮಾಡಬೇಕಾದದ್ದು, ಗುಳಿಗೆಯನ್ನು ಅರ್ಧಕ್ಕಿಳಿಸುವುದು. ಕಾವಲು ಎಚ್ಚರವಾದರೆ ಗಂಟು ಕರಗಬಹುದು. ಅದೇ ಕಾವಲು ಅಕ್ಕನ ಕಿಡ್ನಿಯ ಮೇಲೂ ತಿರುಗಿಬೀಳಬಹುದು.

ಗುಳಿಗೆಯಿಂದ ಶುರುವಾಗಿದ್ದ ಕೈನಡುಕವೂ ಇಳಿಯುತ್ತದೆ ಎಂದಿದ್ದರು. ವಾರಗಳು ಕಳೆದವು. ಗಂಟು ಕರಗಲಿಲ್ಲ. ಒಂದು ಸಂಜೆ ನಾನು ಹೋದಾಗ ಭಾವನ ಕೈಯಲ್ಲಿ ಬಸಿಯ ಮೇಲೆ ಚಹಾದ ಕಪ್ಪು ಕಟಕಟ ಅನ್ನುತ್ತಿತ್ತು. ಅಕ್ಕ ಆ ಕೈಯನ್ನೇ ನೋಡುತ್ತಿದ್ದಳು. ಅವಳು ಹಸಿರು ಸೀರೆ ಉಟ್ಟಿದ್ದಳೆಂದು ನನ್ನ ನೆನಪು; ನೈಟಿಯಲ್ಲಿದ್ದೆ ಅನ್ನುತ್ತಾಳೆ ಅವಳು. ಸೀರೆ ಎಂದು ಬರೆದದ್ದನ್ನು ಹೊಡೆದುಹಾಕುತ್ತೇನೆ. ಮಾತು ಮಾತ್ರ ಇದೇ.

"ರೀ, ಬರೋಬರ್ ಹೇಳ್ರಿ. ನಾ ಕೊಡೂದು ಅರ್ಧಾ. ಉಳದರ್ಧಾ ಎಲ್ಲಿಂದ ನುಂಗಾಕತ್ತೀರಿ?"

"ಚಹಾ ಬಿಸಿ ಐತಿ, ಅದಕ್ಕ ಕೈ ನಡಗತೈತಿ," ಅಂದರು ಭಾವ.

"ಅದು ಆರಿ ಅರ್ಧಾ ತಾಸಾತು."

ಭಾವ ಎದ್ದು ದಾಡಿ ಮಾಡುವ ಸಾಮಾನಿನ ಡಬ್ಬಿ ತಂದು ಅವಳ ಮುಂದಿಟ್ಟರು. ಬ್ರಶ್ಶಿನ ಕೆಳಗೆ, ಅರ್ಧಕ್ಕಿಳಿಸುವ ಮೊದಲು ತಂದು ಉಳಿದಿದ್ದ ಗುಳಿಗೆಗಳು. ಒಂದು ಹೊತ್ತೂ ತಪ್ಪಿಸದ ಮನುಷ್ಯ, ಕಡಿಮೆ ಮಾಡೆಂದರೂ ತಪ್ಪಿಸಿರಲಿಲ್ಲ.

"ನಿನ್ನ ಹೊಟ್ಟಿ ಕೊಯ್ದು ತಗದದ್ದು ಅದು. ನನ್ನ ಕೈಯಾಗ ಹಾಳಾತಂದ್ರ ನಿನಗ ಯಾವ ಮಾರಿ ತೋರಿಸ್ಲಿ?"

"ಇದ ಮಾರಿ ತೋರಸ್ರಿ. ಮೊದಲ ಮಾರಿ ಉಳೀಬೇಕಲ್ಲ! ನಾ ಕೊಟ್ಟದ್ದು ಕಿಡ್ನಿ. ತವರಮನಿ ಬಂಗಾರಲ್ಲ, ಕೀಲಿ ಹಾಕಿ ಕಾಯಾಕ. ನೀವು ಹೋಗಿ ಅದೊಂದು ಉಳದ್ರ ನಾ ಏನ್ ಮಾಡ್ಲಿ? ವಾಪಸ್ ಹಚ್ಚಿಸ್ಕೊಳ್ಳಲೇನು?"

ನಾನು ನಕ್ಕುಬಿಟ್ಟೆ. ಭಾವ ನಗಲಿಲ್ಲ. "ಮತ್ತ ಡಯಾಲಿಸಿಸ್ ಹಚ್ಚಿದ್ರ?"

"ಹಚ್ಚಿದ್ರ ಹಚ್ಚಲಿ. ಮೊದಲ ಮಾಡ್ಸಿಲ್ಲೇನು? ಬಾಜೂಕ ಕುರ್ಚಿ ಹಾಕ್ಕೊಂಡು ಕುಂಡ್ರತೀನಿ."

ಚಳಿಗಾಲದಲ್ಲಿ ಅಕ್ಕನ ಪಕ್ಕೆಯ ಹೊಲಿಗೆ ಈಗಲೂ ಎಳೆಯುತ್ತದೆ. ಅಂಥವಳು ಆ ಮಾತನ್ನು ಪಲ್ಯಕ್ಕೆ ಉಪ್ಪು ಸಾಲದು ಎನ್ನುವ ದನಿಯಲ್ಲಿ ಹೇಳಿದಳು. ಕೊಟ್ಟಾಗ ಅವಳನ್ನು ಊರೆಲ್ಲ ಹೊಗಳಿತ್ತು, ನಾನೂ ಹೊಗಳಿದ್ದೆ. ಕೊಟ್ಟದ್ದು ಹೋದರೆ ಹೋಗಲಿ ಎಂದ ಆ ಸಂಜೆ ಹೊಗಳಲು ನನಗೆ ಮಾತೇ ಸಿಗಲಿಲ್ಲ. ಇಷ್ಟು ವರ್ಷಗಳ ಮೇಲೆ ಬರೆಯುವಾಗಲೂ ಸಿಕ್ಕಿಲ್ಲ.

ಮರುದಿನ ಭಾವ ತಾವೇ ಡಾಕ್ಟರಿಗೆ ಹೇಳಿದರು, ಬೈಸಿಕೊಂಡರು. ಆಮೇಲೆ ನಿಜವಾದ ಅರ್ಧ ಗುಳಿಗೆ ಶುರುವಾಯಿತು. ಜೊತೆಗೆ ಸಲೈನಿನಂತೆ ಏರಿಸುವ ಔಷಧ. ಗಂಟು ನಿಧಾನಕ್ಕೆ ಕರಗಿತು. ಕಿಡ್ನಿ ಕೊಂಚ ಸೋತಿದೆ. ಇನ್ನೆಷ್ಟು ಕಾಲ ನಡೆಯುತ್ತದೆಂದು ಡಾಕ್ಟರು ಹೇಳುವುದಿಲ್ಲ, ಅಕ್ಕ ಕೇಳುವುದಿಲ್ಲ.

ಆದರೆ ಭಾವನನ್ನು ಅವಳು ಇವತ್ತಿಗೂ ನಂಬುವುದಿಲ್ಲ. ಅರ್ಧ ಗುಳಿಗೆ ನುಂಗಿಸಿದ ಮೇಲೆ, ಇನ್ನರ್ಧ ಎಲ್ಲಾದರೂ ಅಡಗಿದೆಯೇನೋ ಎಂದು ಅಂಗಿಯ ಜೇಬು ತಡವುತ್ತಾಳೆ, ಆಮೇಲೆ ಪ್ಯಾಂಟಿನದು. "ಜಲ್ದಿ ನೋಡು, ಟಿವಿ ನೋಡೋದೈತಿ," ಎನ್ನುತ್ತ ಭಾವ ಎರಡೂ ಕೈ ಮೇಲೆತ್ತಿ ನಿಲ್ಲುತ್ತಾರೆ.