ನೋವು ಹೇಳಿಕೊಳ್ಳಲು ಬಾರದ ಕೊರಾಲಿ

ಟಾಲಿಸ್ ಕ್ರೀಕ್ ಎಂಬ ನಮ್ಮೂರಿನಲ್ಲಿ ಈಜು ಬಲ್ಲವರೆಲ್ಲ ಕೊರಾಲಿ ಡನ್‌ಸ್ಟನ್ ಹತ್ತಿರ ಬೈಸಿಕೊಂಡೇ ಕಲಿತವರು. ಸಕ್ಕರೆ ಕಾರ್ಖಾನೆಯ ಹಿಂದಿರುವ ಊರ ಈಜುಕೊಳದ ದಂಡೆಯ ಮೇಲೆ ಮೂವತ್ತಾರು ವರ್ಷ, ಬೆಳಿಗ್ಗೆ ಎರಡು ತಾಸು, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮೂರು ತಾಸು, ಬರಿಗಾಲಲ್ಲಿ ನಿಂತು ಮಕ್ಕಳ ಮೇಲೆ ಕೂಗಾಡಿದವಳು ಅವಳು. ಮೂಗಿಗೆ ನೀರು ಹೋಯಿತೆಂದು ಯಾವ ಮಗುವಾದರೂ ರಾಗ ಎಳೆದರೆ "ಮೂಗು ಇರೋದೇ ಅದಕ್ಕೆ, ನಡಿ" ಅನ್ನುತ್ತಿದ್ದಳು. ಕಾಲು ಹಿಡಿದುಕೊಂಡಿತು ಎಂದರೆ ಇನ್ನೊಂದು ಕಾಲು ಇದೆಯಲ್ಲ ಎಂದು ಕೇಳುತ್ತಿದ್ದಳು. ಇದನ್ನು ಕಠೋರ ಅಂತ ನಮ್ಮೂರಿನಲ್ಲಿ ಯಾರೂ ಅಂದುಕೊಳ್ಳಲಿಲ್ಲ. ಗೊಣಗುವವರನ್ನು ಕಂಡರೆ ಇಲ್ಲಿ ಯಾರಿಗೂ ಆಗುವುದಿಲ್ಲ. ಚಂಡಮಾರುತಕ್ಕೆ ಮನೆಯ ತಗಡು ಹಾರಿಹೋದವನನ್ನು ಹೇಗಿದ್ದೀಯಪ್ಪಾ ಎಂದು ಕೇಳಿ ನೋಡಿ, ಪರವಾಗಿಲ್ಲ, ಗಾಳಿ ಬೆಳಕು ಚೆನ್ನಾಗಿ ಬರುತ್ತಿದೆ ಅನ್ನುತ್ತಾನೆ.

ಇಂಥ ಊರಿನಲ್ಲೂ ಕೊರಾಲಿ ಉಳಿದವರಿಗಿಂತ ಒಂದು ಕೈ ಮೇಲು. ದಿಂಬಿನ ಮೇಲೆ ರಕ್ತದ ಚುಕ್ಕೆ ಕಾಣಿಸಿದಾಗ ದಿಂಬಿನ ಚೀಲ ಬದಲಿಸಿದಳು. ಮತ್ತೆ ಮತ್ತೆ ಕಾಣಿಸಿದಾಗ ಪೇಟೆಗೆ ಹೋಗಿ ಕಡುನೀಲಿ ಬಣ್ಣದ ಚೀಲಗಳನ್ನು ತಂದಳು. ಹೀಗೆ ನಾಲ್ಕು ತಿಂಗಳು ಕಳೆಯಿತು. ಕೊನೆಗೆ ಕಂಡುಹಿಡಿದದ್ದು ಕೂದಲು ಕತ್ತರಿಸುವ ಮಾರ್ಲೀನ್. ಎಡಗಿವಿಯ ಹಿಂದೆ ಕೂದಲೆತ್ತಿದವಳು ಕತ್ತರಿಯನ್ನು ಕೆಳಗಿಟ್ಟು, ಇದು ಎಷ್ಟು ದಿನದಿಂದ ಇದೆ ಎಂದು ಕೇಳಿದಳು. ಯಾವುದು ಎಂದಳು ಕೊರಾಲಿ. ಮಾರ್ಲೀನ್ ಅಂಗಡಿಗೆ ಬೀಗ ಹಾಕಿ, ಅರ್ಧ ತಲೆಯ ಕೂದಲು ಕತ್ತರಿಸಿದ ಹೆಂಗಸನ್ನು ಹಾಗೇ ಕಾರಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಓಡಿದಳು.

ಮೆಲನೋಮ ಅಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲು ಚರ್ಮದಲ್ಲಿ ಇಟ್ಟುಹೋಗುವ ಕ್ಯಾನ್ಸರ್ ಅದು. ಕಿವಿಯ ತುದಿಯನ್ನೋ ಮೂಗಿನ ಚೂರನ್ನೋ ಬಿಸಿಲಿಗೆ ಕೊಟ್ಟವರು ಬೀದಿಗೆ ಇಬ್ಬರು ಸಿಗುತ್ತಾರೆ. ಆದರೆ ಕೊರಾಲಿಯದು ಚರ್ಮದಲ್ಲೇ ನಿಂತಿರಲಿಲ್ಲ. ಟೌನ್ಸ್‌ವಿಲ್‌ನ ದೊಡ್ಡಾಸ್ಪತ್ರೆಯಲ್ಲಿ ಕಿವಿಯ ಹಿಂದಿನಿಂದ ಬಿಸ್ಕತ್ತಿನಷ್ಟು ಅಗಲ ಕತ್ತರಿಸಿ, ತೊಡೆಯ ಚರ್ಮ ತೆಗೆದು ಅಲ್ಲಿಗೆ ಹೊಲಿದರು. ಕತ್ತಿನಿಂದ ದುಗ್ಧಗ್ರಂಥಿಗಳನ್ನೂ ತೆಗೆದರು. ಅವುಗಳಲ್ಲಿ ಎರಡರಲ್ಲಿ ರೋಗ ಆಗಲೇ ಮನೆ ಮಾಡಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಮನೆಗೆ ಬಂದ ಮೇಲೆ. ಆಸ್ಪತ್ರೆಯ ನರ್ಸ್ ಮೂರನೇ ದಿನ ಫೋನ್ ಮಾಡಿ ಗಾಯ ಹೇಗಿದೆ ಎಂದು ಕೇಳಿದಾಗ ಪರವಾಗಿಲ್ಲ ಎಂದಳು. ಐದನೇ ದಿನವೂ ಅದೇ ಉತ್ತರ. ಎಂಟನೇ ದಿನ ಕತ್ತು ಊದಿ ಭುಜಕ್ಕೆ ಸಮ ಆಗಿತ್ತು, ಮೈ ಸುಡುತ್ತಿತ್ತು, ಆಗಲೂ ಪರವಾಗಿಲ್ಲ. ಒಂಬತ್ತನೇ ದಿನ ಗಂಡ ಕ್ಲೆಮ್ ಬಟ್ಟೆ ಒಗೆಯುವ ಕೋಣೆಗೆ ಹೋದಾಗ ಅವಳು ಒದ್ದೆ ಟವೆಲ್‌ಗಳ ಮೇಲೆ ಬಿದ್ದಿದ್ದಳು. ಆಂಬುಲೆನ್ಸ್ ಬಂತು. ಕೀವು ರಕ್ತಕ್ಕೆ ಏರುವುದರಲ್ಲಿತ್ತು ಎಂದರು. ಆರು ದಿನ ಕೈಗೆ ಸೂಜಿ ಚುಚ್ಚಿಕೊಂಡು ಮಲಗಿದಳು.

ಕ್ಯಾನ್ಸರಿನ ಡಾಕ್ಟರ್, ಲಿಯನಗೆ ಎಂಬುವರು, ಅವಳನ್ನು ಕೂರಿಸಿಕೊಂಡು ಮುಂದಿನ ಚಿಕಿತ್ಸೆಯ ಮಾತೆತ್ತಿದ್ದು ಇದಾದ ಮೇಲೆ, ಆಪರೇಷನ್ ಆಗಿ ಎಂಟನೇ ವಾರದಲ್ಲಿ. ಸಿಂಹಳದಿಂದ ಬಂದ ಸಣ್ಣ ಆಕಾರದ ಹೆಂಗಸು, ಮಾತು ಮೆಲ್ಲಗೆ. ಕಣ್ಣಿಗೆ ಕಾಣುವುದನ್ನೆಲ್ಲ ತೆಗೆದಿದ್ದೇವೆ, ಕಾಣದ್ದು ಎಲ್ಲಾದರೂ ಉಳಿದಿದೆಯೋ ಇಲ್ಲವೋ ಯಾರೂ ಹೇಳಲಾರರು ಎಂದರು. ಒಂದು ದಾರಿ, ಏನೂ ಮಾಡದೆ ಮೂರು ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿಸಿ ಕಾಯುವುದು. ಇನ್ನೊಂದು, ಆರು ವಾರಕ್ಕೊಮ್ಮೆ ರಕ್ತನಾಳಕ್ಕೆ ಮದ್ದು ಇಳಿಸುವುದು, ಒಂದು ವರ್ಷ. ಆ ಮದ್ದು ಮೈಯ ಕಾವಲು ಪಡೆಯ, ಅಂದರೆ ರೋಗನಿರೋಧಕ ಶಕ್ತಿಯ, ಹಗ್ಗ ಬಿಚ್ಚಿಬಿಡುತ್ತದೆ. ರೋಗ ಮರಳುವ ಸಾಧ್ಯತೆ ಕಡಿಮೆಯಾಗುತ್ತದೆ, ಹೋಗಿಯೇ ಬಿಡುತ್ತದೆ ಅನ್ನುವಂತಿಲ್ಲ. ಹಗ್ಗ ಬಿಚ್ಚಿದ ಪಡೆ ಕೆಲವರಲ್ಲಿ ಅವರದೇ ಕರುಳು, ಶ್ವಾಸಕೋಶ, ಗ್ರಂಥಿಗಳ ಮೇಲೆ ಬೀಳುತ್ತದೆ. ಬೇಗ ತಿಳಿದರೆ ಹೆಚ್ಚಿನದನ್ನು ತಡೆಯಬಹುದು. ತಡವಾದರೆ ಜೀವಕ್ಕೂ ಕುತ್ತು ಬರಬಹುದು.

ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೊರಾಲಿ ಕೇಳಿದಳು. ಡಾಕ್ಟರು ಕಡತ ತೆರೆದು ಒಂದು ಹಾಳೆಯ ಮೇಲೆ ಬೆರಳಿಟ್ಟರು.

"ಬೇರೆ ಯಾರಾದ್ರೂ ಆಗಿದ್ರೆ ತಗೊಳ್ಳಿ ಅಂತಿದ್ದೆ, ಕೊರಾಲಿ. ನಿಮಗೆ ಹೇಳೋಕೆ ನಂಗೇ ಹೆದರಿಕೆ. ಮೂರು ಸಲ ಫೋನ್ ಮಾಡಿದ್ದಾರೆ, ಮೂರು ಸಲಾನೂ ಪರವಾಗಿಲ್ಲ ಅಂದಿದ್ದೀರಿ. ಈ ಮದ್ದಿನಲ್ಲಿ ಹಾಗೆ ಮಾಡಿದ್ರೆ ನಿಮ್ಮನ್ನ ಉಳಿಸ್ಕೊಳ್ಳೋಕೆ ನಮಗೆ ಟೈಮೇ ಇರಲ್ಲ. ಬಾಯಿ ಬಿಟ್ಟು ಹೇಳೋರಿಗೆ ಮಾತ್ರ ಇದು ಸರಿ."

ತೀರ್ಮಾನಕ್ಕೆ ಮೂರು ವಾರ ಇತ್ತು. ಆಪರೇಷನ್ ಆಗಿ ಮೂರು ತಿಂಗಳೊಳಗೆ ಶುರು ಮಾಡುವುದು ಒಳ್ಳೆಯದಂತೆ. ಹೊರಗೆ ನರ್ಸ್ ರೆನಾಟಾ ಒಂದು ಚೀಟಿ ಕೊಟ್ಟಳು. ಕಬ್ಬಿನ ಗದ್ದೆಯ ಇಟಾಲಿಯನ್ನರ ಮನೆಯ ಹುಡುಗಿ, ಏಳನೇ ವಯಸ್ಸಿನಲ್ಲಿ ಕೊರಾಲಿಯ ಹತ್ತಿರವೇ ಈಜು ಕಲಿತವಳು, ಈಗ ಇಬ್ಬರು ಮಕ್ಕಳ ತಾಯಿ. ಮದ್ದು ತಗೊಂಡರೆ ಯಾವುದಕ್ಕೆಲ್ಲ ಫೋನ್ ಮಾಡಬೇಕು ಎಂದು ಓದಿ ಹೇಳಿದಳು. ಭೇದಿ, ಕೆಮ್ಮು, ತುರಿಕೆ, ತಲೆನೋವು, ವಿಪರೀತ ಬಾಯಾರಿಕೆ, ಸುಸ್ತು. ಸುಸ್ತಿಗೆಲ್ಲ ಯಾರು ಫೋನ್ ಮಾಡುತ್ತಾರೆ ಎಂದು ಕೊರಾಲಿ ನಕ್ಕಳು. ರೆನಾಟಾ ನಗಲಿಲ್ಲ.

ಊರಿಗೆ ವಾಪಸು ಬರುವಾಗ ಕ್ಲೆಮ್ ಕಾರು ಓಡಿಸಿದ. ಕೊರಾಲಿಗೆ ಭಯವಾಗಿತ್ತು. ಇಷ್ಟು ಸರಳವಾದ ಮಾತನ್ನು ಅವಳು ತನಗೇ ಹೇಳಿಕೊಂಡಿರಲಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ. ಮದ್ದು ಬೇಡವೆಂದರೆ ಮೈಯೊಳಗೆ ಎಲ್ಲೋ ಎಳ್ಳುಕಾಳಿನಷ್ಟು ಕಪ್ಪು ಕೂತಿರಬಹುದು, ಯಕೃತ್ತಿನಲ್ಲೋ ತಲೆಯಲ್ಲೋ. ಬೇಕೆಂದರೆ ತನ್ನ ಮೈಯೇ ತನ್ನನ್ನು ತಿನ್ನಬಹುದು. ಇವೆರಡೂ ಸಾಲದೆಂದು ಮೂರನೆಯದೊಂದು ಹೆದರಿಕೆ ಹುಟ್ಟಿಕೊಂಡಿತ್ತು, ಅದು ತನ್ನ ಬಾಯಿಯ ಬಗ್ಗೆ. ಕೊಳದ ಆಳದ ಕಡೆಯಿಂದ ಮುಳುಗುವ ಮಕ್ಕಳನ್ನು ಎಳೆದು ತಂದವಳು ಅವಳು. ಸದ್ದು ಮಾಡದ ಮಗುವೇ ಮುಳುಗುವುದು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು.

ಆಮೇಲಿನ ಎರಡು ವಾರ ಊರೆಲ್ಲ ಡಾಕ್ಟರಾಯಿತು. ಕುರಿಮಾಂಸದ ಪಲ್ಯ ತುಂಬಿದ ಡಬ್ಬಿಗಳು ಮೆಟ್ಟಿಲ ಮೇಲೆ ಬಂದು ಕೂತವು, ಒಂದೊಂದು ಡಬ್ಬಿಯ ಜೊತೆ ಒಂದೊಂದು ಸಲಹೆ. ಕ್ಲಬ್ಬಿನ ವರ್ನ್ ತನ್ನ ಷಡ್ಡಕ ಅದೇ ಮದ್ದು ತಗೊಂಡು ಈಗ ಕುದುರೆ ಸವಾರಿ ಮಾಡುತ್ತಿದ್ದಾನೆ ಎಂದ. ಅಂಚೆ ಕಚೇರಿಯ ಹೆಂಗಸು ತನ್ನ ಗೆಳತಿಗೆ ಅದರಿಂದ ಜನ್ಮಕ್ಕಂಟುವ ಸಕ್ಕರೆ ಕಾಯಿಲೆ ಬಂತು ಎಂದಳು. ಎಲ್ಲರಿಗೂ ಕೊರಾಲಿ ಯೋಚಿಸುತ್ತಿದ್ದೇನೆ, ನೀವು ಹೇಗಿದ್ದೀರಿ ಎಂದು ಕೇಳಿ ಕಳಿಸಿದಳು. ಕೊಳಕ್ಕೂ ಹೋದಳು. ಕತ್ತು ಎಡಕ್ಕೆ ತಿರುಗುತ್ತಿರಲಿಲ್ಲವಾದ್ದರಿಂದ ಇಡೀ ಮೈಯನ್ನೇ ತಿರುಗಿಸಿ ಮಕ್ಕಳನ್ನು ಬೈದಳು.

ಹತ್ತನೇ ವಾರದ ಶನಿವಾರ ಮಧ್ಯಾಹ್ನ ಅವಳು ತೀರ್ಮಾನಿಸಿದಳು. ಹಿಂದಿನ ಜಗಲಿಯ ಮೇಜಿಗೆ ಹಳೆ ಪೇಪರ್ ಹಾಸಿ ಕ್ಲೆಮ್ ಸಿಗಡಿ ಸುಲಿಯುತ್ತಿದ್ದ. ನಲವತ್ತು ವರ್ಷ ಕಾರ್ಖಾನೆಗೆ ಕಬ್ಬು ಸಾಗಿಸುವ ರೈಲು ಓಡಿಸಿ ನಿವೃತ್ತನಾದ ಮನುಷ್ಯ. ಮಾತು ಕಡಿಮೆ, ಆಡಿದರೆ ರೈಲಿನ ಬಗ್ಗೆ. ಕೊರಾಲಿ ಎದುರು ಕೂತು, ಮದ್ದು ಬೇಡ ಅಂದುಕೊಂಡಿದ್ದೇನೆ ಎಂದಳು. ಕತ್ತರಿಸಿ ತೆಗೆದಾಯಿತಲ್ಲ, ಇಲ್ಲದ ರೋಗಕ್ಕೆ ಮದ್ದು ಯಾಕೆ, ಆಸ್ಪತ್ರೆಯವರಿಗೂ ತೊಂದರೆ, ನಿನಗೂ ಇಷ್ಟು ದೂರ ಕಾರು ಓಡಿಸುವ ಕೆಲಸ ಎಂದು ಕಾರಣಗಳನ್ನು ಜೋಡಿಸಿ ಇಟ್ಟಳು. ಎಲ್ಲವೂ ಒಪ್ಪುವಂಥ ಕಾರಣಗಳೇ.

ಕ್ಲೆಮ್ ಕೈಯಲ್ಲಿದ್ದ ಸಿಗಡಿಯನ್ನು ಸುಲಿದು ಮುಗಿಸಿ ಕೈ ಒರೆಸಿಕೊಂಡ.

"ಬೇಡ ಅಂದ್ರೆ ಬೇಡ. ಮೈ ನಿಂದು," ಎಂದ. "ಆದ್ರೆ ನಂಗೆ ಕಾರು ಓಡಿಸೋದು ತೊಂದ್ರೆ ಅಂತ ಮಾತ್ರ ಹೇಳ್ಬೇಡ. ನಿಂಗೆ ಫೋನ್ ಮಾಡೋಕೆ ಆಗಲ್ಲ. ಅದಕ್ಕೇ ಬೇಡ ಅಂತಿದ್ದೀಯ."

ಕೊರಾಲಿ ಸಿಗಡಿಯ ಸಿಪ್ಪೆಗಳನ್ನು ಪೇಪರಿನ ಅಂಚಿಗೆ ಸರಿಸಿದಳು.

"ತೊಂಬತ್ತೊಂದರಲ್ಲಿ ಮಗು ಹೋಯ್ತಲ್ಲ, ಕೊರ್."

ಮೂವತ್ತು ವರ್ಷದ ಮೇಲಾಗಿತ್ತು, ಆ ಮಾತು ಆ ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅದು ಕಬ್ಬು ಅರೆಯುವ ಕಾಲ, ಕ್ಲೆಮ್‌ಗೆ ರಾತ್ರಿ ಪಾಳಿ. ಕೊರಾಲಿಗೆ ನಾಲ್ಕನೇ ತಿಂಗಳು. ಹಲ್ಲು ಕೀಳಿಸಿಕೊಂಡು ಬರುತ್ತೇನೆಂದು ಹೇಳಿ ಒಬ್ಬಳೇ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಮಾರನೇ ದಿನ ಕಪ್ಪು ಲಂಗ ಉಟ್ಟು ಕೊಳದ ದಂಡೆಯಲ್ಲಿ ನಿಂತಿದ್ದಳು. ಗಂಡನಿಗೆ ಹೇಳಿದ್ದು ಮೂರನೇ ದಿನ, ಮನೆಯಲ್ಲಿ ಹಾಲು ಮುಗಿದಿದೆ ಎಂದು ಹೇಳುವ ದನಿಯಲ್ಲಿ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

"ಆ ಮೂರು ದಿನ ನಾನೇನು ಮಾಡ್ತಿದ್ದೆ, ನೆನಪಿದ್ಯಾ? ತೊಟ್ಟಿಲಿಗೆ ಬಣ್ಣ ಬಳೀತಿದ್ದೆ. ಹಳದಿ. ನೀನು ಶೆಡ್ಡಿಗೆ ಬಂದು ನೋಡಿ, ಚೆನ್ನಾಗಿದೆ ಅಂದೆ."

"ನಿಂಗೆ ಬೇಜಾರಾಗ್ಬಾರ್ದು ಅಂತ," ಎಂದಳು ಕೊರಾಲಿ.

"ಆ ಬೇಜಾರು ನಂದೂ ಆಗಿತ್ತು ಕಣೆ. ನೀನು ನಂಗೆ ಕೊಡ್ಲೇ ಇಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕೊರಾಲಿ ತಿರುಗಿ ಬೈದು ಬಚಾವಾಗುತ್ತಿದ್ದಳು. ಬಟ್ಟೆ ಒಗೆಯುವ ಕೋಣೆಯ ಬಾಗಿಲು ತೆರೆಯುವಾಗ ಈಗಲೂ ಹೆದರಿಕೆಯಾಗುತ್ತದೆ ಎಂದ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅವಳ ಉಸಿರು ನೋಡುತ್ತೇನೆ, ಆಮೇಲೆ ಟೀಗೆ ನೀರಿಡುತ್ತೇನೆ ಎಂದ. ಮದ್ದು ತಗೊಳ್ಳುವುದೂ ಬಿಡುವುದೂ ನಿನ್ನಿಷ್ಟ, ಆದರೆ ಇನ್ನೊಂದು ಸಲ ಕೊನೆಗೆ ತಿಳಿದುಕೊಳ್ಳುವವನು ನಾನಾಗಲಾರೆ ಎಂದ. ಮದುವೆಯಾದಾಗಿನಿಂದ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಕೊರಾಲಿ ಎದ್ದು ಅಡಿಗೆಮನೆಗೆ ಹೋದಳು. ಪಾತ್ರೆ ತೊಳೆಯುವ ತೊಟ್ಟಿಯ ಅಂಚು ಹಿಡಿದು ನಿಂತಳು. ಯಾರಿಗೂ ತೊಂದರೆ ಕೊಡಬಾರದು ಎಂದು ಅವಳು ಜೀವಮಾನವಿಡೀ ನಡೆದುಕೊಂಡಿದ್ದಳು. ಅದನ್ನೇ ಒಳ್ಳೆಯತನ ಎಂದು ತಿಳಿದಿದ್ದಳು, ಊರಿನ ಮಕ್ಕಳಿಗೆಲ್ಲ ಕಲಿಸಿದ್ದಳು. ಮೂರು ದಿನ ಹಳದಿ ಬಣ್ಣ ಬಳಿದ ಗಂಡಸೊಬ್ಬ ಅದರ ಲೆಕ್ಕದಲ್ಲಿ ಎಲ್ಲೂ ಬಂದಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಇದ್ದ ಭಯವೂ ಮೇಲೆ ಬಂತು. ಸಿಗಡಿಯ ವಾಸನೆ ಅಲ್ಲಿಯ ತನಕ ಬರುತ್ತಿತ್ತು.

ಹನ್ನೊಂದನೇ ವಾರದ ಗುರುವಾರ ಇಬ್ಬರೂ ಆಸ್ಪತ್ರೆಗೆ ಹೋದರು. ದಾರಿಯಲ್ಲಿ ಏನು ಹೇಳಬೇಕೆಂದು ಕೊರಾಲಿ ಮನಸ್ಸಿನಲ್ಲೇ ಅಭ್ಯಾಸ ಮಾಡಿದಳು. ಆದರೂ ಕೋಣೆಯಲ್ಲಿ ಕೂತು, ಡಾಕ್ಟರು ಎದುರಿನಿಂದ ಹೇಗಿದ್ದೀರಿ ಎಂದು ಕೇಳಿದ ಕೂಡಲೇ ಬಾಯಿ ತಾನೇ ತೆರೆದುಕೊಂಡು "ಪರವಾ" ಅಂದುಬಿಟ್ಟಿತು. ಪಕ್ಕದಲ್ಲಿ ಕ್ಲೆಮ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುವುದನ್ನು ನಿಲ್ಲಿಸಿದ. ಕೊರಾಲಿ ಬಾಯಿ ಮುಚ್ಚಿದಳು. ಕಂಪ್ಯೂಟರಿನ ಮುಂದೆ ಕೂತಿದ್ದ ರೆನಾಟಾ ತಲೆ ಎತ್ತಿದಳು.

"ಚೆನ್ನಾಗಿಲ್ಲ," ಎಂದಳು ಕೊರಾಲಿ.

ಕತ್ತು ಎಡಕ್ಕೆ ತಿರುಗುವುದಿಲ್ಲ ಎಂದಳು. ಕಿವಿಯ ಕೆಳಗೆ ಮರಗಟ್ಟಿದೆ, ಎಡಗೈ ಎತ್ತಿದರೆ ಭುಜದಲ್ಲಿ ಚಳಕು ಹೊಡೆಯುತ್ತದೆ, ಹಾಗಾಗಿ ಬಲಗೈಯಲ್ಲೇ ತಲೆ ಬಾಚುತ್ತೇನೆ. ಸರಿಯಾಗಿ ನಿದ್ದೆ ಬಂದು ಹನ್ನೊಂದು ದಿನವಾಯಿತು. ಊಟ ಸೇರುವುದಿಲ್ಲ, ಜನ ತಂದುಕೊಟ್ಟ ಪಲ್ಯವನ್ನು ಪಕ್ಕದ ಮನೆ ನಾಯಿಗೆ ಹಾಕಿದ್ದೇನೆ. ಇವತ್ತು ಬೆಳಗಿನಿಂದ ನಾಲ್ಕು ಸಲ ಕಕ್ಕಸಿಗೆ ಹೋಗಿ ಬಂದಿದ್ದೇನೆ, ಅದು ಬರೀ ಇಲ್ಲಿಗೆ ಬರಬೇಕಲ್ಲ ಎಂಬ ಹೆದರಿಕೆಗೆ. ಹೇಳುತ್ತಾ ಹೇಳುತ್ತಾ ಅವಳ ಮುಖ ಕೆಂಪಾಯಿತು, ಸಂತೆಯ ನಡುವೆ ಬಟ್ಟೆ ಜಾರಿದವಳ ಹಾಗೆ ಕುಗ್ಗಿದಳು. ಕ್ಲೆಮ್ ಎಲ್ಲವನ್ನೂ ಮೊದಲ ಬಾರಿಗೆ ಕೇಳುತ್ತಿದ್ದ. ನಾಯಿಯ ವಿಷಯಕ್ಕೆ ಮಾತ್ರ ಅವನ ಮೀಸೆಯಡಿ ಒಂದು ನಗು ಬಂದುಹೋಯಿತು.

ಡಾಕ್ಟರು ಅವಸರ ಮಾಡಲಿಲ್ಲ. ಕತ್ತಿಗೆ ವ್ಯಾಯಾಮ ಹೇಳಿಕೊಡುವವರ ಹತ್ತಿರ ಕಳಿಸುತ್ತೇವೆ, ನಿದ್ದೆಗೂ ಏನಾದರೂ ಮಾಡೋಣ ಎಂದರು. ಮದ್ದಿನ ಬಗ್ಗೆ ಮತ್ತೊಮ್ಮೆ ಮೊದಲಿಂದ ಕೊನೆಯವರೆಗೆ ಹೇಳಿದರು, ಒಳ್ಳೆಯದನ್ನು ಹೆಚ್ಚಿಸಲಿಲ್ಲ, ಕೆಟ್ಟದ್ದನ್ನು ಇಳಿಸಲಿಲ್ಲ. ಕಡತ ಮುಚ್ಚಿ ಅವಳ ಮುಖ ನೋಡಿದರು.

"ಹಾಗಾದ್ರೆ ಶುರು ಮಾಡೋಣ್ವಾ?"

"ಮಾಡಿ," ಎಂದಳು ಕೊರಾಲಿ. "ನಾನು ಹೇಳ್ತೀನಿ. ಹೇಳದೆ ಇದ್ರೆ ಇವ್ರನ್ನ ಕೇಳಿ, ಇವ್ರಿಗೆ ಹೇಳಿರ್ತೀನಿ."

ಕ್ಲೆಮ್ ಟೋಪಿಯನ್ನು ನೋಡುತ್ತಾ ಹೂಂ ಎಂದ. ಡಾಕ್ಟರು ಸಹಿಯ ಕಾಗದ ತರಲು ಎದ್ದರು. ರೆನಾಟಾ ಬೆರಳು ಕೀಲಿಮಣೆಯ ಮೇಲಿಟ್ಟುಕೊಂಡೇ, ಕೊಳದಲ್ಲಿ ಮಕ್ಕಳು ಕರೆಯುತ್ತಿದ್ದ ಹೆಸರಿನಿಂದ ಕರೆದು ಕೇಳಿದಳು.

"ಇಷ್ಟೇನಾ, ಮಿಸೆಸ್ ಡಿ?"

"ಇಲ್ಲ," ಎಂದಳು ಕೊರಾಲಿ. "ಸಾಯೋಕೆ ನಂಗೆ ತುಂಬಾ ಭಯ ಕಣೇ ರೆನಾಟಾ. ಅದನ್ನೂ ಬರ್ಕೊ."

ರೆನಾಟಾ ಅದನ್ನೂ ಬರೆದುಕೊಂಡಳು.