ಹಳ್ಳಕ್ಕೆ ಹೋದ ಮರಿಗಳು

ಎಪ್ಪತ್ತರ ದಶಕದ ನಡುವೆ ನಾನು ಬೆಂಗಳೂರಿನಲ್ಲಿ ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಗುಮಾಸ್ತನಾಗಿ ಸೇರಿದೆ. ಊರು ಮಧುಗಿರಿ. ಅಪ್ಪನದು ಅಲ್ಲಿನ ಪೇಟೆಯಲ್ಲೊಂದು ದಿನಸಿ ಅಂಗಡಿ. ಮಗ ಯೂನಿವರ್ಸಿಟಿ ಆಫೀಸಿನಲ್ಲಿದ್ದಾನೆ ಅಂತ ಬೆಲ್ಲ ತೂಗುತ್ತಲೇ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ನನಗೂ ಆ ಮಾತು ಹಿತವಾಗಿಯೇ ಇತ್ತು, ದೊಡ್ಡೇರಿ ಆಚೆಯ ಆ ಹಟ್ಟಿಗೆ ಹೋಗಿ ಬರುವ ತನಕ.

ಆ ವರ್ಷ ದಸರಾ ರಜೆಯಲ್ಲಿ ನಮ್ಮ ವಿದ್ಯಾರ್ಥಿಗಳ ಸೇವಾ ಶಿಬಿರ ದೊಡ್ಡೇರಿ ಕಡೆಯ ಒಂದು ಹಳ್ಳಿಯಲ್ಲಿ ನಡೆಯಿತು. ಮೂವತ್ತು ಚಿಲ್ಲರೆ ಹುಡುಗ ಹುಡುಗಿಯರು, ಅವರ ಮೇಲೊಬ್ಬ ಮೇಷ್ಟ್ರು. ಬೆಳಿಗ್ಗೆ ರಸ್ತೆಗೆ ಮಣ್ಣು ಹೊರುವುದು, ಸಂಜೆ ಹಾಡು ಭಾಷಣ. ಮಲಗುತ್ತಿದ್ದದ್ದು ಹಳ್ಳದ ದಂಡೆಯ ಮೇಲಿದ್ದ ಶಾಲೆಯಲ್ಲಿ. ಬೇಸಿಗೆಯಲ್ಲಿ ಆ ಹಳ್ಳ ಮಕ್ಕಳು ಗೋಲಿ ಆಡುವ ಜಾಗ. ಶಿಬಿರದ ಕೊನೆಯಲ್ಲಿ ಮಳೆ ಹಿಡಿಯಿತು. ಬಿಟ್ಟೂ ಬಿಡದೆ ಸುರಿದು, ಒಂದು ಮಧ್ಯಾಹ್ನ ಮೇಲಿನ ಕಟ್ಟೆ ಒಡೆಯಿತು. ನೀರು ನೇರ ಶಾಲೆಗೆ ನುಗ್ಗಿತು. ಹಿಂದಿನ ಮಣ್ಣಿನ ಗೋಡೆ ಕುಸಿದು ಒಬ್ಬ ಹುಡುಗಿಯ ಕಾಲು ಅದರಡಿ ಸಿಕ್ಕಿಕೊಂಡಿತು.

ದಿಬ್ಬದ ಮೇಲೊಂದು ಕುರಿ ಕಾಯುವವರ ಹಟ್ಟಿಯಿತ್ತು. ಕೂಗು ಕೇಳಿ ಅಲ್ಲಿನ ಗಂಡಸರು ಹಗ್ಗ ಹಿಡಿದು ಓಡಿ ಬಂದರಂತೆ. ಎಲ್ಲರನ್ನೂ ಹೊರಗೆಳೆದರು. ಆ ಹುಡುಗಿಯನ್ನು ಮಾರನೆಯ ದಿನ ಮಂಚದ ಮೇಲೆ ಮಲಗಿಸಿ, ಗುಡ್ಡದ ಕಾಲುದಾರಿಯಲ್ಲಿ ಹೊತ್ತು, ಬಸ್ಸು ಓಡುವ ರಸ್ತೆಗೆ ತಂದು ಮಧುಗಿರಿ ಆಸ್ಪತ್ರೆಗೆ ಸೇರಿಸಿದರು. ಬಂಡಿದಾರಿ ಕಡಿದುಹೋಗಿದ್ದರಿಂದ ಉಳಿದವರು ಎರಡು ದಿನ ಹಟ್ಟಿಯಲ್ಲೇ ಉಂಡು, ಅವರ ಕಂಬಳಿಗಳನ್ನೇ ಹೊದ್ದು ಮಲಗಿದರು. ಒಂದು ಜೀವವೂ ಹೋಗಲಿಲ್ಲ.

ಆಫೀಸಿನಲ್ಲಿ ನಾವೇನು ಮಾಡಿದೆವು? ಮೇಷ್ಟ್ರು ಮಧುಗಿರಿಯಿಂದ ತಂತಿ ಕಳಿಸಿದ್ದರು, ಕೂಡಲೇ ಹಣ ಬೇಕು ಅಂತ. ಅಂಥ ಹಣವನ್ನು ಯಾರ ಅಪ್ಪಣೆಯ ಮೇಲೆ ಕೊಡಬೇಕೆಂಬುದು ನಮಗೆ ಗೊತ್ತಿರಲಿಲ್ಲ. ಕುಲಪತಿಗಳು ಊರಲ್ಲಿರಲಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು, ಅಲ್ಲಿಂದ ಟಿಪ್ಪಣಿ ಬರೆಸಿಕೊಂಡು ವಾಪಸ್ಸು ಬಂತು. ಅದರಲ್ಲಿ ಒಂದು ಟಿಪ್ಪಣಿ ನನ್ನದೇ: ‘ತುರ್ತು ವೆಚ್ಚಕ್ಕೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಇರುವುದಿಲ್ಲ.’ ಚೆಂದದ ಅಕ್ಷರದಲ್ಲಿ ಬರೆದಿದ್ದೆ. ಮಂಜೂರಾತಿ ಕೈಗೆ ಬರುವಷ್ಟರಲ್ಲಿ ಮಕ್ಕಳು ತಮ್ಮ ಮನೆಗಳಲ್ಲಿ ಬಿಸಿನೀರು ಸ್ನಾನ ಮಾಡಿ ಮಲಗಿದ್ದರು.

ನಮ್ಮ ಹಣಕಾಸು ಅಧಿಕಾರಿ ಬಹಳ ಕಟ್ಟುನಿಟ್ಟಿನವರು, ನಗು ಕಡಿಮೆ. ಒಂದು ವಾರ ಕಳೆದ ಮೇಲೆ ನನ್ನನ್ನು ಕರೆದರು.

“ನೀವು ಮಧುಗಿರಿಯವರಲ್ಲವೇ? ಹಟ್ಟಿಗೆ ಹೋಗಿ ಬನ್ನಿ. ಎರಡು ದಿನದ ಊಟದ ಹಣ ಕೊಟ್ಟು ರಸೀದಿ ತನ್ನಿ. ನಮ್ಮ ಮಕ್ಕಳು ಬಡವರ ಮನೆಯಲ್ಲಿ ಪುಕ್ಕಟೆ ಉಂಡರು ಅಂತ ಆಗಬಾರದು. ಅದೂ ಅಲ್ಲದೆ, ಆ ಎರಡು ದಿನ ಏನು ಉಂಡರು ಅಂತ ಆಡಿಟ್‌ನವರು ಕೇಳೇ ಕೇಳುತ್ತಾರೆ.”

ನ್ಯಾಯವಾದ ಮಾತು ಅನ್ನಿಸಿತು. ಅದೇ ಕೆಲಸದಲ್ಲಿ ಊರಿಗೂ ಹೋಗಿಬಂದಂತಾಗುತ್ತದೆ ಅಂತ ಖುಷಿಯಾಯಿತು.

ದೊಡ್ಡೇರಿಯಲ್ಲಿ ಬಸ್ಸಿಳಿದು ನಡೆದೆ. ಹೊಲಗಳ ಬದುವೆಲ್ಲ ಕೊಚ್ಚಿಹೋಗಿ, ಜಾಲಿ ಗಿಡಗಳ ಮೇಲೆ ಕಸಕಡ್ಡಿ ನೇತಾಡುತ್ತಿತ್ತು. ಶಾಲೆಗೆ ಮೂರೇ ಗೋಡೆ ಉಳಿದಿದ್ದವು. ಹಟ್ಟಿಯ ಸುತ್ತ ಮುಳ್ಳುಬೇಲಿ. ಬೇಲಿಯ ಬಾಗಿಲಲ್ಲಿ ನಿಂತಿದ್ದ ಒಬ್ಬ ಗಟ್ಟಿ ಆಳು ನನ್ನ ಕಾಲು ನೋಡಿ, “ಮೆಟ್ಟು ಇಲ್ಲೇ ಬುಟ್ಟು ಬನ್ನಿ ಸೋಮಿ” ಅಂದ. ಬಿಟ್ಟು ಒಳಗೆ ಹೋದೆ. ಅವನ ಬಲಗೈಗೆ ಬಟ್ಟೆ ಸುತ್ತಿತ್ತು. ಶಾಲೆಯ ತೊಲೆ ಎತ್ತುವಾಗ ಜಜ್ಜಿಹೋಗಿದ್ದ ಕೈ ಅದು.

ಅವನ ತಾಯಿ, ತಲೆ ನೆರೆತ ಅಜ್ಜಿ, ಆ ಹಟ್ಟಿಗೆ ಹಿರಿಯಳು. ಜಗುಲಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು. ನಾನು ಯಾರು, ಎಲ್ಲಿಂದ ಬಂದೆ ಅಂತ ಹೇಳಿದೆ. ಮಜ್ಜಿಗೆ ತರಿಸಿ ಕೊಟ್ಟಳು. ನಾನು ಕುಡಿದು ಲೋಟ ಕೆಳಗಿಟ್ಟ ಮೇಲೆಯೇ ಕೇಳಿದಳು.

“ಆ ಹುಡುಗಿ ಕಾಲು ನೆಟ್ಟಗಾಯ್ತೇನಪ್ಪ?”

ಆ ಹುಡುಗಿಯ ಆಸ್ಪತ್ರೆಯ ಬಿಲ್ಲು ನನ್ನ ಮೇಜಿಗೇ ಬಂದಿತ್ತು. ಪಟ್ಟಿ ಹಾಕಿದ್ದಕ್ಕೆ ಎಷ್ಟು, ಎಕ್ಸರೇಗೆ ಎಷ್ಟು, ಎಲ್ಲ ಕೂಡಿ ನೋಡಿ ಸಹಿ ಹಾಕಿದ್ದೆ. ಕಾಲು ಏನಾಯಿತು ಅಂತ ಯಾರನ್ನೂ ಕೇಳಿರಲಿಲ್ಲ.

“ಗೊತ್ತಿಲ್ಲಮ್ಮ” ಅಂದೆ.

“ಒಂದೇ ಕಡೆ ಇರೋರಲ್ವಾ ನೀವು?” ಅಂದಳು. ಕುಹಕವೇನೂ ಇರಲಿಲ್ಲ. ನಿಜವಾಗಿಯೂ ಅವಳಿಗೆ ಆಶ್ಚರ್ಯವಾಗಿತ್ತು. “ನೋವಿಗೆ ಎಲ್ಡು ದಿನ ನನ್ನ ಕೈ ಹಿಡ್ಕಂಡೇ ಇತ್ತು ಕಣಪ್ಪ ಆ ಕೂಸು.”

ಆಸ್ಪತ್ರೆಯಲ್ಲೂ ಆ ಹುಡುಗಿಯ ಜೊತೆ ಒಂದು ದಿನ ಅವಳೇ ಇದ್ದಳೆಂದು ಮಗ ಹೇಳಿದ. ಮಾತು ಬದಲಿಸಲು ಚೀಲದಿಂದ ರಸೀದಿ ಹಾಳೆ, ರೆವಿನ್ಯೂ ಸ್ಟಾಂಪು, ಹೆಬ್ಬೆಟ್ಟಿನ ಮಸಿಯ ಡಬ್ಬಿ ಎಲ್ಲ ಹೊರಗೆ ತೆಗೆದೆ. ಎರಡು ದಿನದ ಊಟಕ್ಕೆ ಯೂನಿವರ್ಸಿಟಿ ಹಣ ಕಳಿಸಿದೆ, ಇಲ್ಲೊಂದು ಗುರುತು ಹಾಕಬೇಕು ಅಂದೆ.

ಹಿಂಜುತ್ತಿದ್ದ ಕೈ ನಿಂತಿತು.

“ನಾವೇನು ಓಟ್ಲು ಮಡಗಿದ್ವಾ?”

“ಅಂಗಲ್ಲಮ್ಮ, ಲೆಕ್ಕಕ್ಕೆ ಬೇಕು.”

“ಮುದ್ದೆಗೆ ಲೆಕ್ಕ ಬರೀತೀಯಾ? ಮಳೇಲಿ ನೆಂದು ನಡುಗ್ತಾ ಬಂದ ಮಕ್ಕಳು. ಉಣ್ಣಾಕಿಕ್ಕಿದ್ವಿ. ಅದ್ಕೆ ಹೆಬ್ಬೆಟ್ಟು ಒತ್ಸಾಕೆ ಬೆಂಗಳೂರಿಂದ ಬಂದ್ಯಾ?”

ಮಗ ಮುಖ ತಿರುಗಿಸಿಕೊಂಡ. ಆಚೀಚೆಯ ಗುಡಿಸಲುಗಳ ಹೆಂಗಸರು ಬಾಗಿಲಿಗೆ ಬಂದು ನನ್ನನ್ನೂ ಮಸಿಯ ಡಬ್ಬಿಯನ್ನೂ ನೋಡತೊಡಗಿದರು. ಡಬ್ಬಿಯ ಮುಚ್ಚಳ ಹಾಕಿದೆ. ಅಲ್ಲಿಂದ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಆದರೆ ಬರಿಗೈಯಲ್ಲಿ ಹೋಗಿ ಅಧಿಕಾರಿಗಳ ಮುಂದೆ ನಿಲ್ಲುವುದು ಹೇಗೆಂಬ ಯೋಚನೆ ನನ್ನದು. ಸುತ್ತ ಕಣ್ಣಾಡಿಸಿದಾಗ ಇಳಿಜಾರಿನ ಕೆಳಗೆ ಮರಿಗಳನ್ನು ಕೂಡುವ ರೊಪ್ಪ ಕಂಡಿತು. ಅರ್ಧ ಬೇಲಿಯೇ ಇರಲಿಲ್ಲ. ಒಳಗೆ ಒಂದು ಮರಿಯೂ ಇರಲಿಲ್ಲ.

“ಅದೇನಾಯ್ತು?” ಅಂತ ಮಗನನ್ನು ಕೇಳಿದೆ.

ಹೇಳಬೇಕೋ ಬೇಡವೋ ಅನ್ನುವಂತೆ ಅವನು ತಾಯಿಯ ಕಡೆ ನೋಡಿದ. ಆಮೇಲೆ ಹೇಳಿದ. ಕಟ್ಟೆ ಒಡೆದಾಗ ಹಟ್ಟಿಯ ಗಂಡಸರೆಲ್ಲ ಶಾಲೆಯ ಹತ್ತಿರ ಇದ್ದರು. ರೊಪ್ಪದ ಕಡೆಗೂ ನೀರು ಏರುವುದು ಕಾಣುತ್ತಿತ್ತು. “ಮರಿ ಅರಚಾದು ಕೇಳ್ತಿತ್ತು ಸೋಮಿ. ಗ್ವಾಡೆ ಕೆಳಗೆ ಆ ಹುಡುಗಿ ಇದ್ಲು. ಹೆಂಗೆ ಬುಟ್ಟು ಹೋಗಾದು?” ಆ ವರ್ಷದ ಮರಿಗಳೆಲ್ಲ ಹಳ್ಳಕ್ಕೆ ಹೋದವು.

ಮೇಷ್ಟ್ರ ವರದಿಯಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಏನಾದರೂ ಮಾಡಲೇಬೇಕೆಂದು ಆಫೀಸಿನ ಬುದ್ಧಿ ಓಡಿಸಿದೆ. ಸತ್ತ ಮರಿಗೆ ಹಣ ಕೊಡಲು ನಮ್ಮಲ್ಲಿ ದಾರಿಯಿಲ್ಲ, ಊಟಕ್ಕೆ ಇದೆ. ಹಾಗಿದ್ದರೆ ದಾರಿ ಸಿಕ್ಕಿತಲ್ಲ! ಅಜ್ಜಿಯ ಹತ್ತಿರ ಕೂತು ಮೆಲ್ಲಗೆ ಹೇಳಿದೆ:

“ಒಂದು ಕೆಲಸ ಮಾಡೋಣಮ್ಮ. ಆ ಮರಿಗಳನ್ನ ಹುಡುಗರ ಊಟಕ್ಕೆ ಕುಯ್ದದ್ದು ಅಂತ ಬರ್ಕೊಳ್ತೀನಿ. ಎಲ್ಲಾದಕ್ಕೂ ದುಡ್ಡು ಬರುತ್ತೆ.”

ಉಪಕಾರ ಮಾಡುತ್ತಿದ್ದೇನೆಂದು ನನ್ನ ಮುಖದಲ್ಲಿ ಸಣ್ಣ ನಗುವೂ ಇತ್ತು. ಅಜ್ಜಿ ನನ್ನನ್ನು ದಿಟ್ಟಿಸಿದಳು.

“ನೀರಾಗೆ ಸತ್ತು ಊದ್ಕಂಡ ಮರೀನ ಮನೆಗೆ ಬಂದ ಮಕ್ಕಳಿಗೆ ಉಣ್ಣಾಕಿಕ್ಕಿದೆ ಅಂತ ಬರೀತೀಯಾ?”

ನಾನು ಹುಟ್ಟಿದ ಮನೆಯಲ್ಲಿ ಮಾಂಸದ ಸುದ್ದಿಯೇ ಇಲ್ಲ. ಅವಳ ಪಾಲಿಗೆ ಆ ಮಾತಿನ ಅರ್ಥವೇನೆಂಬುದು ನನಗೆ ಹೊಳೆದಿರಲೇ ಇಲ್ಲ. ಅವಳ ಮುಖ ನೋಡಿದಾಗ ಹೊಳೆಯಿತು.

“ತಪ್ಪಾಯ್ತಮ್ಮ” ಅಂದೆ.

“ಮರಿ ಹೋದದ್ದು ದಿಟ. ಹಳ್ಳಕ್ಕೆ ಹೋದ್ವು ಅಂತ್ಲೇ ಬರಿ. ಅದ್ಕೆ ಕೊಟ್ರೆ ಇಸ್ಕಂತೀನಿ, ನಾವೇನು ಸಾವ್ಕಾರ್ರಲ್ಲ. ಹಿಟ್ಟಿನ ದುಡ್ಡು ಮಾತ್ರ ಬ್ಯಾಡ. ಇದ್ದದ್ದು ಇದ್ದಂಗೆ ಬರಿಯಾಕೆ ನಿಮ್ಮೋರು ಬುಡಾಕಿಲ್ವಾ?”

ಬಿಡುವುದಿಲ್ಲ ಅಂತ ಹೇಳಲು ನಾಚಿಕೆಯಾಯಿತು. ಕೇಳಿ ನೋಡುತ್ತೇನೆ ಅಂದೆ. ಮಗ ಬೇಲಿಯವರೆಗೆ ಬಂದು, ನಾನು ಚಪ್ಪಲಿ ಹಾಕಿಕೊಳ್ಳುವವರೆಗೂ ನನ್ನ ಚೀಲ ಹಿಡಿದುಕೊಂಡು ನಿಂತ. ಆ ಜಜ್ಜಿದ ಕೈಯಲ್ಲೇ.

ಮಧುಗಿರಿಗೆ ಬಂದು ರಾತ್ರಿ ಮನೆಯಲ್ಲಿ ಉಳಿಯಬೇಕಿತ್ತು. ಅಂಗಡಿಯಲ್ಲಿ ಅಪ್ಪ ನಾಲ್ಕು ಜನರ ಮುಂದೆ, “ನೋಡ್ರಿ, ಆ ಹಟ್ಟಿಯೋರಿಗೆ ದುಡ್ಡು ಹಂಚೋಕೆ ನಮ್ಮ ಹುಡುಗನ್ನೇ ಕಳಿಸವ್ರೆ” ಅಂದರು. ನಾನು ತುಮಕೂರಿನ ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎದ್ದುಬಿಟ್ಟೆ. ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಬಸ್ಸಿನಲ್ಲಿ ಬಿಚ್ಚಲೂ ಇಲ್ಲ.

ಬೆಂಗಳೂರಿಗೆ ಬಂದ ಮೇಲೆ ಮೊದಲು ಆ ಹುಡುಗಿಯನ್ನು ಹುಡುಕಿದೆ. ಹಾಸ್ಟೆಲಿನ ವರಾಂಡದಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಓದುತ್ತಾ ಕೂತಿದ್ದಳು. ಕಾಲು ಕೂಡುತ್ತದೆ, ಸ್ವಲ್ಪ ಕುಂಟು ಉಳಿಯಬಹುದು ಅಂತ ಡಾಕ್ಟರು ಅಂದಿದ್ದರಂತೆ. ಮರಿಗಳ ಸುದ್ದಿ ಕೇಳಿ ಪುಸ್ತಕ ಮುಚ್ಚಿದಳು.

“ಅವು ಅರಚ್ತಾ ಇದ್ದದ್ದು ನಂಗೂ ಕೇಳ್ಸಿತ್ತು ಸಾರ್. ಏನಂತ ಗೊತ್ತಾಗ್ಲಿಲ್ಲ. ನಾನೂ ಕಿರುಚ್ತಾ ಇದ್ದೆ.”

ಅವಳು ಕಂಡದ್ದನ್ನೂ ಕೇಳಿದ್ದನ್ನೂ ತಾನೇ ಬರೆದುಕೊಟ್ಟಳು. ಅದನ್ನೂ ಮುಟ್ಟದ ಹಣವನ್ನೂ ತೆಗೆದುಕೊಂಡು ಅಧಿಕಾರಿಗಳ ಕೋಣೆಗೆ ಹೋದೆ. ನಡೆದದ್ದೆಲ್ಲ ಹೇಳಿದೆ, ಮರಿ ಕುಯ್ದದ್ದೆಂದು ಬರೆಯಲು ಹೋದದ್ದನ್ನೂ ಬಿಡದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಊಟಕ್ಕೆ ರಸೀದಿ ತನ್ನಿ ಅಂತ ಕಳಿಸಿದವನು ನಾನು” ಅಂದರು. “ಮೊದಲು ಒಂದು ಕೃತಜ್ಞತೆಯ ಮಾತು ಹೇಳಿಬನ್ನಿ ಅಂತ ಕಳಿಸಬೇಕಾಗಿತ್ತು. ಬರೀರಿ. ಇದ್ದದ್ದು ಇದ್ದ ಹಾಗೆ ಬರೀರಿ. ರಕ್ಷಣೆಯ ಸಮಯದಲ್ಲಿ ಮರಿಗಳು ನೀರುಪಾಲಾದವು, ಅದಕ್ಕೆ ಪರಿಹಾರ. ಮಂಜೂರು ಮಾಡುವವನು ನಾನು, ಜವಾಬ್ದಾರಿ ನನ್ನದು.”

ಅದೇ ವಾರ ಅವರು ನಮ್ಮನ್ನು ಕೂರಿಸಿಕೊಂಡು ಒಂದು ತುರ್ತು ಕ್ರಮದ ಯೋಜನೆ ಬರೆಸಿದರು. ಬೆಂಕಿ, ನೆರೆ, ಅಪಘಾತ ಏನೇ ಆದರೂ ಮೇಲಿನವರ ಸಹಿಗೆ ಕಾಯದೆ ಯಾರು ಎಷ್ಟು ಖರ್ಚು ಮಾಡಬಹುದು, ರಜಾ ದಿನ ನಗದು ಯಾರ ಹತ್ತಿರ ಇರಬೇಕು, ಊರಾಚೆ ಹೋಗುವ ಶಿಬಿರದ ಮೇಷ್ಟ್ರ ಕೈಯಲ್ಲಿ ಮೊದಲೇ ಏನಿರಬೇಕು, ಎಲ್ಲ. ಕೊನೆಯಲ್ಲಿ ಅವರೇ ಒಂದು ಮಾತು ಸೇರಿಸಿದರು: ನೆರವಿಗೆ ಬಂದ ಹೊರಗಿನವರಿಗೆ ಆದ ನಷ್ಟವನ್ನು ನಾವೇ ವಿಚಾರಿಸಿ ತಿಳಿಯಬೇಕು, ಅವರು ಬಂದು ಕೇಳಲೆಂದು ಕಾಯಬಾರದು.

ಯುಗಾದಿ ಹೊತ್ತಿಗೆ ಹಣ ತೆಗೆದುಕೊಂಡು ಮತ್ತೆ ಹಟ್ಟಿಗೆ ಹೋದೆ. ಆ ಹುಡುಗಿಯೂ ಕೋಲೂರಿಕೊಂಡು ಬಂದಳು. ಅಜ್ಜಿ ಅವಳನ್ನು ಹಿಡಿದು ಕೂರಿಸಿ, ಕಾಲು ನೀಡಲು ಹೇಳಿ, ಮೊಣಕಾಲಿನಿಂದ ಪಾದದವರೆಗೆ ಕೈಯಾಡಿಸಿ ನೋಡಿದಳು. ನಾನು ರಸೀದಿಯನ್ನು ಗಟ್ಟಿಯಾಗಿ ಓದಿ ಹೇಳಿದೆ. ‘ಹಳ್ಳಕ್ಕೆ ಹೋದ’ ಅನ್ನುವಲ್ಲಿ ತಲೆಯಾಡಿಸಿದಳು. ಹೆಬ್ಬೆಟ್ಟು ಒತ್ತಿ ಮಸಿಯನ್ನು ಕಂಬಳಿಗೆ ಒರೆಸಿಕೊಂಡಳು. ನನ್ನನ್ನು ಬೈಯಲೂ ಇಲ್ಲ, ಹೊಗಳಲೂ ಇಲ್ಲ. “ಉಂಡ್ಕಂಡು ಹೋಗ್ರಪ್ಪ” ಅಂದಳು. ಉಂಡೆವು.

ಇಷ್ಟಕ್ಕೇ ಮುಗಿದಿದ್ದರೆ ಆ ನಾಚಿಕೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲವೇನೋ.

ಎಂಬತ್ತರ ದಶಕದಲ್ಲಿ ಆ ಅಧಿಕಾರಿಗಳು ನಿವೃತ್ತಿಯಾಗುವ ಹೊತ್ತಿಗೆ ಆಡಿಟ್ ಆಕ್ಷೇಪಣೆ ಬಂತು. ವಿಶ್ವವಿದ್ಯಾಲಯದ್ದಲ್ಲದ ಕುರಿಮರಿಗಳಿಗೆ ಪರಿಹಾರ ಕೊಟ್ಟದ್ದು ನಿಯಮಬಾಹಿರ, ಮಂಜೂರು ಮಾಡಿದವರಿಂದ ವಸೂಲು ಮಾಡತಕ್ಕದ್ದು. ಊಟದ ಖರ್ಚೆಂದು ಸುಳ್ಳು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಿಜ ಬರೆದದ್ದಕ್ಕೆ ಸಿಕ್ಕಿಬಿದ್ದೆವು. ಅಷ್ಟೊತ್ತಿಗೆ ನಾನು ಸೂಪರಿಂಟೆಂಡೆಂಟ್ ಆಗಿದ್ದೆ. ಹೊಸ ಅಧಿಕಾರಿಗಳು ಸಭೆ ಕರೆದು, ಯೋಜನೆಯ ಆ ಕೊನೆಯ ಮಾತನ್ನೂ ತೆಗೆದುಹಾಕೋಣ, ಯಾರದಾದರೂ ತಕರಾರಿದೆಯೇ ಅಂತ ಕೇಳಿದರು. ಹಟ್ಟಿಗೆ ಹೋಗಿ ಬಂದವನು ಅಲ್ಲಿ ನಾನೊಬ್ಬನೇ. ಮನೆಯಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು, ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿತ್ತು. ಬಾಯಿ ತೆರೆಯಲಿಲ್ಲ. ವಸೂಲಿಯ ಟಿಪ್ಪಣಿಯನ್ನೂ ನಾನೇ ಬರೆದೆ.

ಒಂದು ಭಾನುವಾರ ನಿವೃತ್ತರಾದ ಆ ಹಳೆಯ ಅಧಿಕಾರಿಗಳ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಅವರ ಪಿಂಚಣಿಯಿಂದ ಹಣ ಹಿಡಿದಾಗಿತ್ತು. ಸಭೆಯಲ್ಲಿ ಸುಮ್ಮನೆ ಕೂತದ್ದನ್ನು ಹೇಳಬೇಕೆಂದು ಹೋದವನಿಗೆ, “ಸಾರ್, ಆ ಮರಿಗಳ ವಿಷಯ…” ಅನ್ನುವುದರಾಚೆ ಮಾತು ಹೊರಡಲಿಲ್ಲ.

ಅವರು ತಂಬಿಗೆ ಕೆಳಗಿಟ್ಟರು. “ಬರೆದದ್ದು ನಿಜ ತಾನೇ?”

“ಹೌದು ಸಾರ್.”

“ಮತ್ತೆ ಬಿಡಿ. ಒಳಗೆ ಬನ್ನಿ, ಕಾಫಿ ಕುಡಿಯೋಣ.”

ನಾನು ಒಳಗೆ ಹೋಗಲಿಲ್ಲ. ಕೆಲಸವಿದೆಯೆಂದು ಸುಳ್ಳು ಹೇಳಿ ಬಸ್ ನಿಲ್ದಾಣದ ಕಡೆ ನಡೆದೆ.