ನಿಂತ ಜಾಗ

ನಮ್ಮ ಪ್ರಿಯಂವದಾ ಟೀಚರಿಗೆ ಐವತ್ತಾರು ವಯಸ್ಸು. ಹೊಸಪೇಟೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ನನಗೂ ಕಲಿಸಿದ್ದಾರೆ. ಬೆಳಿಗ್ಗೆ ರಾಯರ ಫೋಟೊಗೆ ಕೈಮುಗಿದು, ಕ್ಯಾಮೆರಾ ಹೆಗಲಿಗೇರಿಸಿ ರೈಲು ನೋಡಲು ಹೊರಡುವ ಇನ್ನೊಬ್ಬ ಹೆಂಗಸು ನಮ್ಮೂರಲ್ಲಿ ಇರಲಿಕ್ಕಿಲ್ಲ. ಮನೆಯವರು ಹೇಳಿ ಹೇಳಿ ಸುಸ್ತಾಗಿದ್ದಾರೆ.

ರೈಲು ಹುಚ್ಚಿನವರ ವಾಟ್ಸಾಪ್ ಗ್ರೂಪ್ ಕಟ್ಟಿದ್ದೂ ಅವರೇ. ಇಪ್ಪತ್ಮೂರು ಜನ ಇದ್ದೇವೆ. ಫೋಟೊ ಹಾಕುವುದು ನಮ್ಮ ಖುಷಿಗೆ. ಹಳಿಯಲ್ಲಿ ಏನಾದರೂ ಎಡವಟ್ಟು ಕಂಡರೆ ಮಾತ್ರ ಮೊದಲು ಸ್ಟೇಷನ್ನಿಗೆ ಫೋನ್, ಆಮೇಲೆ ಗ್ರೂಪಿಗೆ ಮೂರು ಸಾಲು: ಕಿಲೋಮೀಟರ್ ಕಲ್ಲಿನ ನಂಬರು, ಹೊತ್ತು, ನಿಂತ ಜಾಗ. ಎಲ್ಲಿಂದ ನೋಡಿದ್ದೆಂದು ಗೊತ್ತಾದರೆ ಹಳಿ ರಿಪೇರಿಯ ಗ್ಯಾಂಗಿನವರು ಹುಡುಕಾಡಬೇಕಿಲ್ಲ. ಜೊತೆಗೆ ನಿಯಮ ಮೀರಿ ಹಳಿ ಹತ್ತಿದವರೂ ಸಿಕ್ಕಿಬೀಳುತ್ತಾರೆ. ಹತ್ತಿದವರು ಆರು ತಿಂಗಳು ಗ್ರೂಪಿನಿಂದ ಹೊರಗೆ.

ನಾನು ಆ ಶಿಕ್ಷೆ ಉಂಡು ಬಂದವನು. ಒಂದೇ ಒಂದು ಸೆಲ್ಫಿಗೆ! ಆ ಆರು ತಿಂಗಳಲ್ಲಿ ಟೀಚರಿಗೆ ಫೋನ್ ಮಾಡಿ, "ಇವತ್ತು ಗ್ರೂಪ್‌ನಾಗ ಏನ್ ಬಂದೈತ್ರಿ?" ಎಂದು ಗೋಗರೆದರೆ, "ಹೊರಗಿನೋರಿಗೆ ಹೇಳಂಗಿಲ್ಲ" ಎಂದು ಫೋನ್ ಇಡುತ್ತಿದ್ದರು. ನನ್ನ ಹೊಟ್ಟೆ ಉರಿದುಹೋಗುತ್ತಿತ್ತು.

ಹೋದ ಮಳೆಗಾಲದ ಒಂದು ಭಾನುವಾರ, ಎರಡು ಹೊಸ ಎಂಜಿನ್ ಹಚ್ಚಿದ ಅದಿರಿನ ಗಾಡಿ ಸಂಡೂರು ಕಡೆಯಿಂದ ಹೊರಟಿದೆ ಎಂದು ಗ್ರೂಪಿಗೆ ಸುದ್ದಿ ಬಂತು. ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೋದೆವು. ತಿರುವಿನ ಹತ್ತಿರ ರಸ್ತೆಯಲ್ಲಿ ನಿಂತರೆ ಬರೀ ಜಾಲಿ ಗಿಡ, ಹಳಿ ಕಾಣಲೊಲ್ಲದು. ಗಾಡಿ ಬರಲು ಇನ್ನೂ ಅರ್ಧ ಗಂಟೆ ಇತ್ತು. ಟೀಚರ್ ಆ ಕಡೆ ಈ ಕಡೆ ನೋಡಿದರು.

"ಎಷ್ಟು ಕಾಣ್ತದ ನೋಡಿ ಇಳಿದು ಬರ್ತೀನಿ, ಎರಡು ನಿಮಿಷ," ಎಂದು ಸೀರೆ ಎತ್ತಿ ಕಟ್ಟಿ ಹಳಿಯ ದಿಬ್ಬ ಹತ್ತಿಯೇಬಿಟ್ಟರು.

ನಾನು ಮೊಬೈಲ್ ತೆಗೆದು, ಹಳಿ ಮೇಲೆ ನಿಂತ ಟೀಚರ್ ಫೋಟೊ ಹೊಡೆದೆ. ಸುಳ್ಳೇಕೆ ಹೇಳಲಿ, ಭಾರಿ ಖುಷಿಯಾಯಿತು.

ಅಷ್ಟರಲ್ಲಿ ಅವರು ಕೂಗಿದರು. ಆಚೆ ಮಗ್ಗುಲಲ್ಲಿ ರಾತ್ರಿಯ ಮಳೆ ಹಳಿ ಕೆಳಗಿನ ಜಲ್ಲಿಯನ್ನು ಕೊಚ್ಚಿಕೊಂಡು ಹೋಗಿತ್ತು. ಹಳಿ ಹೊರುವ ಅಡ್ಡ ಸ್ಲೀಪರ್ ನಾಲ್ಕೈದು ಗಾಳಿಯಲ್ಲಿ ನೇತಾಡುತ್ತಿದ್ದವು. ಕೆಳಗಿಳಿದು ಬಂದು ಸ್ಟೇಷನ್ ಮಾಸ್ಟರಿಗೆ ಫೋನ್ ಹಚ್ಚಿ, ಕಲ್ಲಿನ ನಂಬರು ಹೇಳಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು.

"ನೀವು ಎಲ್ಲಿ ನಿಂತು ನೋಡಿದ್ರಿ, ಟೀಚರ್?"

ಟೀಚರ್ ನನ್ನ ಮುಖ ನೋಡಿದರು. ಆ ಗ್ರೂಪೇ ಅವರ ಜೀವ. ಹೆಣ್ಣುಮಗಳು ರೈಲು ನೋಡುತ್ತಾಳೆಂದು ನಗದೆ ಇದ್ದವರು ಅಲ್ಲಿಯ ಇಪ್ಪತ್ತೆರಡು ಮಂದಿ ಮಾತ್ರ. ನನಗೆ ಪಾಪ ಅನ್ನಿಸಿತು. ರಸ್ತೆ ಕಡೆ ಬೆರಳು ತೋರಿಸಿದೆ.

"ಹಳಿ ಮ್ಯಾಲೆ ನಿಂತು ನೋಡೀನ್ರಿ," ಎಂದರು ಟೀಚರ್. "ರಸ್ತೆಯಿಂದ ಏನೂ ಕಾಣಂಗಿಲ್ಲ. ಗ್ಯಾಂಗಿನೋರಿಗೆ ಮ್ಯಾಲೆ ಹತ್ತಿ ಆಚೆ ಮಗ್ಗುಲಿಗೆ ನೋಡಾಕ ಹೇಳ್ರಿ. ಜಲ್ದಿ ಗಾಡಿ ನಿಲ್ಲಸ್ರಿ."

ಗಾಡಿ ಹಿಂದಿನ ಸ್ಟೇಷನ್ನಿನಲ್ಲೇ ನಿಂತಿತು. ಗ್ಯಾಂಗಿನವರು ಬಂದು, ನೇರವಾಗಿ ಮೇಲೆ ಹತ್ತಿ ನೋಡಿ, ಟೀಚರಿಗೆ ಕೈಮುಗಿದರು. ಹಿಂದೆಯೇ ಬಂದ ರೈಲ್ವೆ ಪೊಲೀಸರು ಹಳಿ ಹತ್ತಿದ್ದಕ್ಕೆ ಅವರ ಹೆಸರು ಬರೆದುಕೊಂಡರು. ಎರಡೂ ನ್ಯಾಯವೇ.

ಟೀಚರ್ ಅಲ್ಲೇ ಕಲ್ಲಿನ ಮೇಲೆ ಕೂತು ಗ್ರೂಪಿಗೆ ಮೂರು ಸಾಲು ಬರೆದರು. ಮೂರನೆಯದು: "ನಿಂತ ಜಾಗ: ಹಳಿಯ ಮೇಲೆ." ನನ್ನನ್ನು ಅಡ್ಮಿನ್ ಮಾಡಿ, ತಾವೇ ಹೊರಗೆ ಹೋದರು. ನಾನು ಹೊಡೆದಿದ್ದ ಫೋಟೊ ಅಳಿಸಿಬಿಟ್ಟೆ.

ಮರುದಿನ ಗ್ರೂಪಿನಲ್ಲಿ ಆ ಎರಡು ಎಂಜಿನ್ನಿನ ಫೋಟೊ ಬಂತು. ಯಾರೋ ಮಸ್ತಾಗಿ ಹೊಡೆದಿದ್ದರು. ಟೀಚರಿಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಫೋನ್ ಮಾಡಿದೆ.

"ಟೀಚರ್, ನಿಮ್ಮ ಗಾಡಿ ಫೋಟೊ ಬಂದೈತ್ರಿ. ನಿಮಗ ಕಳಸ್ತೀನಿ."



"ಹನುಮೇಶ, ಹೊರಗಿನೋರಿಗೆ ಹೇಳಂಗಿಲ್ಲ," ಎಂದು ಟೀಚರ್ ಫೋನ್ ಇಟ್ಟರು.